ಬ್ಯಾಡಗಿ ಪೇಟೆಯ ಟೆಂಡರ್: ಕೂಗಿನಿಂದ ಚೀಟಿಗೆ, ಚೀಟಿಯಿಂದ ಪರದೆಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಟೆಂಡರ್ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ಒಂದೇ ಟೆಂಡರಿಗೆ ಲಕ್ಷಕ್ಕೂ ಮಿಕ್ಕಿ ಚೀಲ ಇಳಿಯುವುದುಂಟು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಮಾಲಿನ ಜೊತೆಗೆ ಬಳ್ಳಾರಿ, ರಾಯಚೂರು, ಕೊಪ್ಪಳದ್ದೂ ಗಡಿಯಾಚೆಯ ಕರ್ನೂಲು ಕಡೆಯದ್ದೂ ಬಂದು ಸೇರುತ್ತದೆ. ಗುಂಟೂರು ಬಿಟ್ಟರೆ ದೇಶದಲ್ಲಿ ಒಣಮೆಣಸಿನಕಾಯಿಗೆ ಇದೇ ದೊಡ್ಡ ಪೇಟೆ. ಬೆಳಿಗ್ಗೆ ಇಳಿದ ಮಾಲಿಗೆ ಸಂಜೆಯೊಳಗೆ ದರ ಗೊತ್ತಾಗಬೇಕು, ತೂಕವಾಗಬೇಕು, ರೈತನ ಕೈಗೆ ಲೆಕ್ಕದ ಪಟ್ಟಿ ಸೇರಬೇಕು. ಇಷ್ಟು ರಾಶಿಗೆ ಇಷ್ಟು ಬೇಗ ದರ ಕಟ್ಟುವ ವಿಧಾನ ಒಂದು ಶತಮಾನದಲ್ಲಿ ಹಲವು ಸಲ ಬದಲಾಗಿದೆ. ಪ್ರತಿ ಸಲವೂ ಬದಲಾದದ್ದು ಮುಖ್ಯವಾಗಿ ಒಂದೇ ಸಂಗತಿ: ಯಾರು ಯಾರಿಗಾಗಿ, ಎಲ್ಲಿ ನಿಂತು ಕಾಯಬೇಕು ಎಂಬುದು.

ರೈಲು ಬರುವ ಮೊದಲು ಧಾರವಾಡ ಸೀಮೆಯ ವ್ಯಾಪಾರ ಪಶ್ಚಿಮಕ್ಕೆ ಮುಖ ಮಾಡಿತ್ತು. ಹತ್ತಿಯ ಅಂಡಿಗೆಗಳು ಎತ್ತು, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮುಂಬಯಿ ಮತ್ತು ಲಿವರ್‌ಪೂಲ್ ಪೇಟೆಗಳು ಅದನ್ನು ಕರೆದದ್ದು ಕುಮಟಾ ಹತ್ತಿ ಎಂದು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಏರಿದಾಗ ಅಂಡಿಗೆಯೊಳಗೆ ಬೀಜ, ಮಣ್ಣು, ಕಳಪೆ ಅರಳೆ ತುರುಕುವ ಚಾಳಿಯೂ ಏರಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಕಟ್ಟಿದ ಚೀಲದೊಳಗೆ ಏನಿದೆ ಎಂಬ ಅನುಮಾನ ಈ ಭಾಗದ ವ್ಯಾಪಾರಕ್ಕೆ ಅಷ್ಟು ಹಳೆಯದು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ–ಹರಿಹರ ಮಾರ್ಗ ಬಂದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ಹಳಿಯ ಮೇಲೆ ಒಂದರ ನಂತರ ಒಂದು ನಿಲ್ದಾಣಗಳಾದವು. ಬಂಡಿಯ ದಾರಿ ತಿರುಗಿತು, ದಲಾಲಿ ಅಂಗಡಿಗಳು ನಿಲ್ದಾಣದ ಸುತ್ತ ಬೆಳೆದವು. ಮೂರು ಊರೂ ಪೇಟೆಯ ಊರುಗಳೇ ಆದರೂ ಮೂರರ ಸ್ವಭಾವ ಬೇರೆ. ಹಾವೇರಿ ಹತ್ತಿಯ ಜೊತೆಗೆ ಮಲೆನಾಡಿನ ಏಲಕ್ಕಿಯನ್ನು ಹಸನು ಮಾಡಿ ಮಾರುವ ಕಸುಬು ಹಿಡಿಯಿತು. ಏಲಕ್ಕಿ ಬೆಳೆಯದ ಊರು ಏಲಕ್ಕಿ ಹಾರಕ್ಕೆ ಹೆಸರಾದದ್ದು ಹೀಗೆ. ರಾಣೆಬೆನ್ನೂರು ಹತ್ತಿಯಿಂದ ಹೈಬ್ರಿಡ್ ಬೀಜೋತ್ಪಾದನೆಗೂ ಗೋವಿನಜೋಳದ ವ್ಯಾಪಾರಕ್ಕೂ ಹೊರಳಿತು. ಬ್ಯಾಡಗಿ ಮಾತ್ರ ಒಂದೇ ಸರಕನ್ನು ಹಿಡಿದು ಕೂತಿತು.

ಹಳೆಯ ಪದ್ಧತಿಯಲ್ಲಿ ದರ ಕಟ್ಟುವ ಕೆಲಸ ಬಟ್ಟೆಯ ಮರೆಯಲ್ಲಿ ನಡೆಯುತ್ತಿತ್ತು. ದಲಾಲ ಮತ್ತು ಖರೀದಿದಾರ ಟವೆಲ್ಲಿನ ಕೆಳಗೆ ಪರಸ್ಪರರ ಬೆರಳು ಹಿಡಿದು, ಒತ್ತಿ, ಬಾಯಿ ಬಿಡದೆ ಬೆಲೆ ಹೇಳಿಕೊಳ್ಳುವುದು. ಪಕ್ಕದಲ್ಲೇ ನಿಂತ ರೈತನಿಗೆ ಕಾಣುತ್ತಿದ್ದದ್ದು ಟವೆಲ್ಲು ಮಾತ್ರ. ತೂಕದಲ್ಲಿ ಕಡಿತ, ಮಾದರಿಗೆಂದು ತೆಗೆದ ಮಾಲು, ಹಮಾಲಿ, ದೇವರ ಹೆಸರಿನ ಧರ್ಮಾರ್ಥ ಎಂದು ಪಟ್ಟಿಯಲ್ಲಿ ಒಂದೊಂದೇ ಕಳೆಯುತ್ತ ಹೋದರೆ ಕೊನೆಗೆ ಉಳಿಯುವುದು ಎಷ್ಟು ಎಂದು ಮನೆ ಬಿಡುವಾಗ ಯಾರೂ ಹೇಳಲಾರರು. ಬ್ರಿಟಿಷ್ ಭಾರತದ ಕೃಷಿ ಕುರಿತ ರಾಯಲ್ ಕಮಿಷನ್ 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಶಿಫಾರಸು ಮಾಡಿದ್ದು ಇಂಥ ಪೇಟೆಗಳನ್ನು ನೋಡಿಯೇ. ಅದಕ್ಕೆ ಒಂದು ವರ್ಷ ಮೊದಲೇ ಮುಂಬಯಿ ಪ್ರಾಂತ್ಯ ಹತ್ತಿಗೆ ಪ್ರತ್ಯೇಕ ಮಾರುಕಟ್ಟೆ ಕಾಯ್ದೆ ಮಾಡಿತ್ತು. 1939ರಲ್ಲಿ ಎಲ್ಲ ಕೃಷಿ ಉತ್ಪನ್ನಗಳಿಗೂ ಅನ್ವಯಿಸುವ ಕಾಯ್ದೆ ಬಂತು. ಆಗ ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ಏಕೀಕರಣದ ನಂತರ 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರಾಟ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟು ಕೊಟ್ಟಿತು: ಮಾರುಕಟ್ಟೆ ಸಮಿತಿ, ಪರವಾನಗಿ ಪಡೆದ ದಲಾಲರು ಮತ್ತು ಖರೀದಿದಾರರು, ಪ್ರಾಂಗಣದೊಳಗೆ ಬಹಿರಂಗ ಮಾರಾಟ.

ಬಹಿರಂಗ ಎಂದರೆ ಸಾಮಾನ್ಯವಾಗಿ ಹರಾಜು, ಉತ್ತರ ಕರ್ನಾಟಕದ ಮಾತಿನಲ್ಲಿ ಸವಾಲು. ರಾಶಿಯ ಮುಂದೆ ನಿಂತು ಕೂಗುವುದು, ಏರಿಸುವುದು, ಮೂರು ಸಲ ಹೇಳಿ ಮುಗಿಸುವುದು. ಟವೆಲ್ಲಿಗಿಂತ ಇದು ಎಷ್ಟೋ ಮೇಲು, ಯಾಕೆಂದರೆ ರೈತ ಕೇಳಿಸಿಕೊಳ್ಳಬಹುದು. ಆದರೆ ಸವಾಲಿಗೆ ಒಂದು ಷರತ್ತಿದೆ. ಮಾಲು, ಮಾರುವವ, ಕೊಳ್ಳುವವರೆಲ್ಲ ಒಂದೇ ಗಳಿಗೆಯಲ್ಲಿ ಒಂದೇ ಜಾಗದಲ್ಲಿ ಇರಬೇಕು. ಈ ರಾಶಿ ಮುಗಿಯದೆ ಮುಂದಿನ ರಾಶಿಗೆ ಹೋಗುವಂತಿಲ್ಲ. ಒಂದು ದಿನಕ್ಕೆ ಹತ್ತು ಸಾವಿರ ಲಾಟ್ ಬಂದಿವೆ, ಒಂದೊಂದಕ್ಕೆ ಅರ್ಧ ನಿಮಿಷ ಸಾಕು ಎಂದಿಟ್ಟುಕೊಂಡರೂ ಎಲ್ಲವನ್ನೂ ಕೂಗಿ ಮುಗಿಸಲು 83 ಗಂಟೆ ಬೇಕು. ಸೋಮವಾರ ಬೆಳಿಗ್ಗೆ ಶುರುವಾದ ಸವಾಲು ಹಗಲೂ ರಾತ್ರಿ ನಡೆದರೆ ಗುರುವಾರ ಮುಗಿಯುತ್ತದೆ. ಅಷ್ಟರಲ್ಲಿ ಮುಂದಿನ ಮಾರುಕಟ್ಟೆಯ ಮಾಲು ಬಾಗಿಲಲ್ಲಿ ನಿಂತಿರುತ್ತದೆ.

ಲಾಟುಗಳನ್ನು ಒಟ್ಟುಗೂಡಿಸಿ ಕೂಗಬಹುದಲ್ಲ ಎಂದರೆ ಮೆಣಸಿನಕಾಯಿ ಅದಕ್ಕೆ ಒಗ್ಗುವ ಸರಕಲ್ಲ. ಗೋವಿನಜೋಳದ ಚೀಲಗಳಲ್ಲಿ ನೋಡಬೇಕಾದದ್ದು ಹೆಚ್ಚಾಗಿ ತೇವ ಮತ್ತು ಕಸ. ಮೆಣಸಿನಕಾಯಿಯಲ್ಲಿ ಪಕ್ಕದ ಹೊಲದ ರಾಶಿಯೇ ಬೇರೆ ದರಕ್ಕೆ ಹೋಗುತ್ತದೆ. ಡಬ್ಬಿ ಎಂಬುದು ಗುಂಡಗೆ, ಸುಕ್ಕು ಹೆಚ್ಚು. ಕಡ್ಡಿ ಎಂಬುದು ಉದ್ದ, ತೆಳು. ಎರಡೂ ಖಾರಕ್ಕಿಂತ ಬಣ್ಣಕ್ಕೆ ಹೆಸರಾದವು, ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಗುಣದಿಂದ. ಮಸಾಲೆ ಕಂಪನಿಗಳು ಪುಡಿಗೆ ಕೊಂಡರೆ, ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳು ಬಣ್ಣವನ್ನೇ ಹಿಂಡಿ ಆಹಾರಕ್ಕೂ ಲಿಪ್‌ಸ್ಟಿಕ್, ನೈಲ್ ಪಾಲಿಶ್‌ನಂಥ ವಸ್ತುಗಳಿಗೂ ಕಳಿಸುತ್ತವೆ. ಹಾಗಾಗಿ ಒಂದೇ ರಾಶಿ ಒಬ್ಬನಿಗೆ ಚಿನ್ನ, ಇನ್ನೊಬ್ಬನಿಗೆ ಬೇಡದ್ದು. ಖರೀದಿದಾರ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಮುರಿಯುತ್ತಾನೆ, ಅಲುಗಿಸಿ ಬೀಜದ ಸಪ್ಪಳ ಕೇಳುತ್ತಾನೆ, ಬಿಳಿಗಾಯಿ ಎಷ್ಟಿದೆ ನೋಡುತ್ತಾನೆ. ಈ ಪರೀಕ್ಷೆಗೆ ಕೂಗಿನ ಅವಸರ ಹೊಂದುವುದಿಲ್ಲ.

ಉತ್ತರ ಬಂದದ್ದು ಚೀಟಿಯಲ್ಲಿ. ಪ್ರತಿ ಲಾಟಿಗೂ ಒಂದು ನಂಬರು. ಖರೀದಿದಾರರು ಬೆಳಗಿನಿಂದ ತಮಗೆ ಬೇಕಾದ ಕ್ರಮದಲ್ಲಿ ಅಂಗಡಿಯಿಂದ ಅಂಗಡಿಗೆ ಅಡ್ಡಾಡಿ ನೋಡುತ್ತಾರೆ. ನಂಬರು ಮತ್ತು ಕ್ವಿಂಟಲಿಗೆ ಇಷ್ಟು ಎಂದು ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಗೊತ್ತಾದ ವೇಳೆಗೆ ಪೆಟ್ಟಿಗೆ ಮುಚ್ಚುತ್ತದೆ, ಚೀಟಿಗಳನ್ನು ಲಾಟುವಾರು ವಿಂಗಡಿಸಿ ಹೆಚ್ಚು ದರ ಬರೆದವನ ಹೆಸರು ಘೋಷಿಸುತ್ತಾರೆ. ಈ ಟೆಂಡರ್ ಪದ್ಧತಿಯ ಮಹತ್ವವನ್ನು ಮಾರುಕಟ್ಟೆ ಸುಧಾರಣೆಯ ಬರಹಗಳು ಸಾಮಾನ್ಯವಾಗಿ ಗುಟ್ಟಿನಲ್ಲಿ ಕಾಣುತ್ತವೆ: ಒಬ್ಬನ ದರ ಇನ್ನೊಬ್ಬನಿಗೆ ತಿಳಿಯದು, ಆದ್ದರಿಂದ ಒಳಒಪ್ಪಂದ ಕಷ್ಟ. ಅದು ನಿಜ. ಆದರೆ ಬ್ಯಾಡಗಿಯಂಥ ಪೇಟೆಗೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇತ್ತು. ಯಾರೂ ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ನೂರು ಜನ ನೂರು ರಾಶಿಗಳನ್ನು ಒಂದೇ ಹೊತ್ತಿಗೆ ನೋಡಿ, ತಮ್ಮ ಉತ್ತರವನ್ನು ತಮ್ಮ ವೇಳೆಗೆ ಪೆಟ್ಟಿಗೆಗೆ ಹಾಕಿ ಮುಂದೆ ಹೋಗಬಹುದಿತ್ತು. ಹರಾಜಿನ ಸಾಲು ಕರಗಿತು, ಕೊನೆಯ ವೇಳೆ ಒಂದು ಮಾತ್ರ ಎಲ್ಲರಿಗೂ ಸಮಾನವಾಗಿ ಉಳಿಯಿತು.

ಕಾಯುವಿಕೆ ಪೂರ್ತಿ ಹೋಗಲಿಲ್ಲ, ಜಾಗ ಬದಲಿಸಿತು. ಈಗ ಎಲ್ಲರೂ ಕಾಯುತ್ತಿದ್ದದ್ದು ವಿಂಗಡಣೆಗೆ. ಸಾವಿರಾರು ಚೀಟಿಗಳನ್ನು ಕೈಯಲ್ಲಿ ಹರವಿ ಜೋಡಿಸಲು ಗಂಟೆಗಳೇ ಬೇಕು. ಒಂದು ಸೊನ್ನೆ ಹೆಚ್ಚಾದರೆ ಜಗಳ. ಲಾಟ್ ನಂಬರು ತಪ್ಪಾದರೆ ಬೇಡದ ಮಾಲು ಕೊರಳಿಗೆ. ಪೆಟ್ಟಿಗೆ ತೆರೆದ ಮೇಲೆ ಚೀಟಿ ಬದಲಾಯಿತೆಂಬ ಆರೋಪಕ್ಕೂ ಎಡೆ ಉಂಟು.

2000ರ ದಶಕದಲ್ಲೇ ರಾಜ್ಯದ ಕೆಲವು ಮಾರುಕಟ್ಟೆಗಳಲ್ಲಿ ಚೀಟಿಯ ಬದಲು ಕಂಪ್ಯೂಟರ್ ಬಂದಿತ್ತು. ಅದನ್ನು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯಾಗಿ ಹೆಣೆದದ್ದು 2013ರ ಕೃಷಿ ಮಾರುಕಟ್ಟೆ ನೀತಿಯ ನಂತರ. 2014ರಲ್ಲಿ ರಾಜ್ಯ ಸರ್ಕಾರ ಸರಕು ವಿನಿಮಯ ಸಂಸ್ಥೆ ಎನ್‌ಸಿಡಿಇಎಕ್ಸ್‌ನ ಸ್ಪಾಟ್ ಎಕ್ಸ್‌ಚೇಂಜ್ ಜೊತೆ ಅರ್ಧರ್ಧ ಪಾಲುದಾರಿಕೆಯಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿಯನ್ನು ಕಟ್ಟಿತು; ಅದರ ಏಕೀಕೃತ ಮಾರುಕಟ್ಟೆ ವೇದಿಕೆ ಕೆಲವೇ ವರ್ಷಗಳಲ್ಲಿ ರಾಜ್ಯದ 150ಕ್ಕೂ ಹೆಚ್ಚು ಮಾರುಕಟ್ಟೆಗಳನ್ನು ಒಳಗೊಂಡಿತು. ಕೇಂದ್ರ ಸರ್ಕಾರದ ಇಂಥದೇ ವೇದಿಕೆ ಇ-ನಾಮ್ ಆರಂಭವಾದದ್ದು 2016ರ ಏಪ್ರಿಲ್ 14ರಂದು, ಅಂದರೆ ಕರ್ನಾಟಕದ ನಂತರ. ಈಗಿನ ಕ್ರಮ ಹೀಗಿದೆ: ಗೇಟಿನಲ್ಲಿ ರೈತನ ಹೆಸರು, ಸರಕು, ಚೀಲಗಳ ಸಂಖ್ಯೆ, ದಲಾಲಿ ಅಂಗಡಿ ದಾಖಲಾಗಿ ಲಾಟ್ ನಂಬರು ಹುಟ್ಟುತ್ತದೆ. ಖರೀದಿದಾರರು ಎಂದಿನಂತೆ ಅಡ್ಡಾಡಿ ನೋಡಿ, ದರವನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತುಂಬುತ್ತಾರೆ. ವೇಳೆ ಮುಗಿದೊಡನೆ ಫಲಿತಾಂಶ ಪರದೆಯ ಮೇಲೆ ಬರುತ್ತದೆ. ದರ ಒಪ್ಪದಿದ್ದರೆ ಮಾಲು ಕೊಡದಿರುವ ಹಕ್ಕು ರೈತನಿಗಿದೆ.

ಗಂಟೆಗಟ್ಟಲೆಯ ವಿಂಗಡಣೆ ಕ್ಷಣದ ಕೆಲಸವಾಯಿತು. ಪ್ರತಿಯಾಗಿ ಹೊಸ ಇಕ್ಕಟ್ಟು ಹುಟ್ಟಿತು, ಅದು ಟೆಂಡರಿನ ಕೊನೆಯ ಗಳಿಗೆ. ದರ ತುಂಬುವವರು ಆದಷ್ಟು ತಡಮಾಡುವುದು ವ್ಯಾಪಾರದ ಸಹಜ ಬುದ್ಧಿ. ಹಾಗಾಗಿ ಬೆಳಗಿನಿಂದ ತಣ್ಣಗಿದ್ದ ಸರ್ವರ್‌ಗೆ ಮುಚ್ಚುವ ವೇಳೆಗೆ ಸಾವಿರಾರು ದರಗಳು ಒಟ್ಟಿಗೆ ಬಂದು ಬೀಳುತ್ತವೆ.  ಇಂಥ ಹೊರೆ ರೈಲ್ವೆ ಟಿಕೆಟ್ಟಿಗೂ ಪರೀಕ್ಷೆಯ ಫಲಿತಾಂಶಕ್ಕೂ ಇದೆ, ಮತ್ತು ಇದಕ್ಕೆ ಉತ್ತರ ಹುಡುಕುವ ಕೆಲಸ ಕಂಪ್ಯೂಟರ್ ಲೋಕದಲ್ಲಿ ಬ್ಯಾಡಗಿಗೆ ಪರದೆ ಬರುವ ಮೊದಲೇ ಆರಂಭವಾಗಿತ್ತು. ಆ ಉತ್ತರದ ಇತಿಹಾಸವೂ ಸವಾಲಿನಿಂದ ಚೀಟಿಗೆ ಬಂದ ಕಥೆಯಂತೆಯೇ ಇದೆ.

1999ರಲ್ಲಿ ಡ್ಯಾನ್ ಕೆಗೆಲ್ ಎಂಬ ಅಮೆರಿಕದ ಪ್ರೋಗ್ರಾಮರ್ ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಗ್ರಾಹಕರನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಮುಂದಿಟ್ಟ. ಅಂದಿನ ರೂಢಿಯಲ್ಲಿ ಪ್ರತಿ ಗ್ರಾಹಕನಿಗೂ ಪ್ರೋಗ್ರಾಮಿನ ಒಂದು ಎಳೆ ಮೀಸಲು. ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಉತ್ತರ ಬರುವವರೆಗೆ ಆ ಎಳೆ ಸುಮ್ಮನೆ ನಿಂತಿರುತ್ತದೆ. ಬೇರೆ ದಾರಿಯೆಂದರೆ ಕೇಳಿಕೆಯನ್ನು ಬರೆದಿಟ್ಟು ಮುಂದಿನದಕ್ಕೆ ಹೋಗುವುದು, ಉತ್ತರ ಸಿದ್ಧವಾದಾಗ ಮರಳಿ ಬರುವುದು. ಇದೇ ಅಸಿಂಕ್ರೋನಸ್ ಕ್ರಮ. ಹಳೆಯ ವಿಚಾರವೇ ಆದರೂ ಸಾಮಾನ್ಯ ಪ್ರೋಗ್ರಾಮರ್ ಕೈಗೆ ಅದು ಸುಲಭವಾಗಿ ಸಿಕ್ಕಿದ್ದು 2009ರ ನೋಡ್.ಜೆಎಸ್‌ನಿಂದ, ಆಮೇಲೆ ಪೈಥಾನ್‌ನಿಂದ: 2014ರ 3.4 ಆವೃತ್ತಿಯಲ್ಲಿ ಅಸಿಂಕ್‌ಐಓ ಲೈಬ್ರರಿ ಬಂತು, ಮರುವರ್ಷದ 3.5ರಲ್ಲಿ ಅಸಿಂಕ್, ಅವೇಟ್ ಎಂಬೆರಡು ಪದಗಳು ಭಾಷೆಯ ವ್ಯಾಕರಣಕ್ಕೇ ಸೇರಿದವು.

ಅದೇ ವರ್ಷಗಳಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ಒಂದು ಸಾಫ್ಟ್‌ವೇರನ್ನು ಅದಕ್ಕೆ ಬೇಕಾದ ಎಲ್ಲ ಸಾಮಗ್ರಿಯೊಂದಿಗೆ ಪ್ರತ್ಯೇಕವಾಗಿ ಕಟ್ಟಿಟ್ಟು ಯಾವ ಯಂತ್ರದಲ್ಲಾದರೂ ಇಳಿಸುವ ಕಂಟೇನರ್ ಪದ್ಧತಿ ಅದು. ಅದರ ಬೇರು 1979ರ ಯುನಿಕ್ಸ್‌ನ ಕ್ರೂಟ್ ಸೌಲಭ್ಯದವರೆಗೆ ಹೋಗುತ್ತದೆ. 2008ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಸಿಗ್ರೂಪ್ ಯಾವ ಕಂಟೇನರ್ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಬಳಸಬಹುದೆಂದು ಅಳತೆ ಹಾಕಿತು. 2013ರ ಮಾರ್ಚಿನಲ್ಲಿ ಬಂದ ಡಾಕರ್ ಇವನ್ನೆಲ್ಲ ಸೇರಿಸಿ ಸಾಮಾನ್ಯರ ಬಳಕೆಗೆ ತಂದಿತು. ಹೊರೆ ಏರಿದಾಗ ಅದೇ ಸಾಫ್ಟ್‌ವೇರಿನ ಹತ್ತು ಪ್ರತಿ ಎಬ್ಬಿಸಿ, ಇಳಿದಾಗ ಎಂಟನ್ನು ಮಲಗಿಸಬಹುದು.

ಡಾಕರಿನಲ್ಲಿ ಈ ಎಬ್ಬಿಸುವ, ಮಲಗಿಸುವ ಕೆಲಸ ಮಾಡುವುದು ಹಿನ್ನೆಲೆಯಲ್ಲಿ ಸದಾ ಎಚ್ಚರವಿರುವ ಒಂದು ಸೇವೆ. ಮಾಡು ಎಂದು ಹೇಳುವುದು ಕ್ಲೈಂಟ್. ಇಬ್ಬರ ನಡುವಿನ ಮಾತು ಎಚ್‌ಟಿಟಿಪಿ ಮೂಲಕ. ಹೇಳಿದ ಕೆಲಸಗಳಿಗೆ ಹಿಡಿಯುವ ವೇಳೆ ಒಂದೇ ಅಲ್ಲ: ಕಂಟೇನರ್ ಪಟ್ಟಿ ಕೇಳಿದರೆ ಕ್ಷಣದಲ್ಲಿ ಸಿಗುತ್ತದೆ, ಕಂಟೇನರಿನ ಅಚ್ಚಾದ ಇಮೇಜನ್ನು ದೂರದಿಂದ ತರಿಸಲು ನಿಮಿಷಗಳಾಗಬಹುದು, ಓಡುತ್ತಿರುವ ಕಂಟೇನರಿನ ಲಾಗ್‌ಗೆ ಕೊನೆಯೇ ಇಲ್ಲ. ಪೈಥಾನ್‌ಗಾಗಿ ಡಾಕರ್ ಕಂಪನಿಯೇ ಕೊಟ್ಟ ಲೈಬ್ರರಿ ಒಂದಾದ ಮೇಲೊಂದು ಕೇಳುವ ಬಗೆಯದು, ಹರಾಜಿನ ಹಾಗೆ. ಐಓಡಾಕರ್‌ನಂಥ ಅಸಿಂಕ್ರೋನಸ್ ಲೈಬ್ರರಿಯಲ್ಲಿ ಒಂದೇ ಪ್ರೋಗ್ರಾಮ್ ಐವತ್ತು ಕಂಟೇನರುಗಳನ್ನು ಎಬ್ಬಿಸಲು ಹೇಳಿ, ಅವು ಏಳುತ್ತಿರುವಾಗಲೇ ಮೊದಲೇ ಎದ್ದವುಗಳ ಲಾಗ್ ಓದುತ್ತ, ಯಾವುದಾದರೂ ಸತ್ತ ಸುದ್ದಿ ಬಂದರೆ ಅದನ್ನೂ ಗಮನಿಸುತ್ತ ಇರಬಲ್ಲದು.

ಮಿತಿಗಳೂ ಟೆಂಡರಿಗೂ ಕಂಪ್ಯೂಟರಿಗೂ ಒಂದೇ. ಕಾಯದೆ ಕೇಳಬಹುದು ಎಂದ ಮಾತ್ರಕ್ಕೆ ಕೆಲಸ ಬೇಗ ಆಗುವುದಿಲ್ಲ. ಡಿಸ್ಕಿನ ವೇಗ ಅಷ್ಟೇ ಇರುತ್ತದೆ, ಆದ್ದರಿಂದ ಒಂದು ಹೊತ್ತಿಗೆ ಇಷ್ಟೇ ಕೇಳಿಕೆ ಎಂಬ ಕಟ್ಟು ಹಾಕದಿದ್ದರೆ ಆಚೆಯ ಸೇವೆ ಉಸಿರುಗಟ್ಟುತ್ತದೆ. ಇನ್ನೂ ಸೂಕ್ಷ್ಮವಾದದ್ದು ಉತ್ತರ ಬಾರದ ಸಂದರ್ಭ. ಕ್ಲೈಂಟ್ ಬೇಸತ್ತು ಕೈಬಿಟ್ಟರೂ ಕಂಟೇನರ್ ಆಚೆ ಎದ್ದಿರಬಹುದು. ತಿಳಿಯದೆ ಮತ್ತೆ ಕೇಳಿದರೆ ಎರಡಾಗುತ್ತವೆ. ಟೆಂಡರಿನಲ್ಲಿ ಇದರ ರೂಪ ವರ್ತಕರಿಗೆಲ್ಲ ಗೊತ್ತು: ದರ ತುಂಬಿ ಒತ್ತಿದಾಗಲೇ ನೆಟ್‌ವರ್ಕ್ ಹೋಯಿತು, ದರ ಸೇರಿತೋ ಇಲ್ಲವೋ? ಪೆಟ್ಟಿಗೆಯ ಕಾಲದಲ್ಲಿ ಚೀಟಿ ಬಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಪರದೆಯ ಕಾಲದಲ್ಲಿ ಸ್ವೀಕೃತಿಯ ಸಂದೇಶ, ಪ್ರತಿ ದರಕ್ಕೂ ವೇಳೆಯ ಮುದ್ರೆ, ಒಬ್ಬ ಖರೀದಿದಾರನಿಂದ ಒಂದು ಲಾಟಿಗೆ ಒಂದೇ ದರ ಎಂಬ ನಿಯಮ ಆ ಕೆಲಸ ಮಾಡಬೇಕು. ಸರ್ವರ್ ನಿಧಾನವಾದ ದಿನ ವೇಳೆಯನ್ನೇ ಮುಂದೂಡುವುದು ಕೊನೆಯ ಉಪಾಯ. ಹಾಗೆ ಮುಂದೂಡಿದಾಗ ತೂಕ, ಲೋಡಿಂಗ್ ಎಲ್ಲವೂ ರಾತ್ರಿಗೆ ಜಾರುತ್ತದೆ.

ಈ ವ್ಯವಸ್ಥೆಯಿಂದ ರೈತನಿಗೆ ಏನು ಸಿಕ್ಕಿತು? ಕರ್ನಾಟಕದ ಏಕೀಕೃತ ವೇದಿಕೆಯ ಪರಿಣಾಮವನ್ನು ರೆತ್ಸೆಫ್ ಲೇವಿ, ಮನೋಜ್ ರಾಜನ್, ಸೋಮ್ಯ ಸಿಂಘ್ವಿ ಮತ್ತು ಯಾನ್‌ಚೋಂಗ್ ಝೆಂಗ್ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆದರು. ಸಾಮಾನ್ಯವಾಗಿ ಸಿಗುವ ದರ ಭತ್ತಕ್ಕೆ ಶೇ 5.1, ಶೇಂಗಾಕ್ಕೆ ಶೇ 3.6, ಗೋವಿನಜೋಳಕ್ಕೆ ಶೇ 3.5ರಷ್ಟು ಏರಿತ್ತು. ರಾಜನ್ ಆ ವೇದಿಕೆಯ ಕಂಪನಿಯನ್ನು ನಡೆಸಿದವರೇ ಎಂಬುದನ್ನು ಓದುಗ ನೆನಪಿನಲ್ಲಿಟ್ಟಿರಬೇಕು. ಗೋವಿನಜೋಳದ ಅಂಕಿ ರಾಣೆಬೆನ್ನೂರು, ಹಾವೇರಿ ಪೇಟೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಗುಣಮಟ್ಟದಲ್ಲಿ ಅಂತರ ಕಡಿಮೆ ಇರುವ ಇಂಥ ಸರಕನ್ನು ದೂರದ ಖರೀದಿದಾರ ಕಾಣದೆಯೂ ಕೊಳ್ಳಬಹುದು. ಮೆಣಸಿನಕಾಯಿಗೆ ಆ ಮಾತು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ದರ ತುಂಬುವುದನ್ನು ಎಲ್ಲಿಂದಾದರೂ ಮಾಡಬಹುದು, ಹಿಡಿಗಾಯಿ ಮುರಿದು ನೋಡಲು ಬ್ಯಾಡಗಿಗೇ ಬರಬೇಕು, ಇಲ್ಲವೇ ನಂಬಿಕೆಯ ಆಳನ್ನು ಕಳಿಸಬೇಕು.

ಚೀಲ ಇಳಿಸುವ, ರಾಶಿ ಸುರಿಯುವ, ಹೊಲಿಯುವ, ತೂಕಕ್ಕೆ ಎತ್ತುವ ಹಮಾಲರ ಕೆಲಸ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೆಲಸ ಹೆಚ್ಚುಕಡಿಮೆ ಚೀಟಿಯ ಕಾಲದಲ್ಲಿದ್ದಂತೆಯೇ ಇದೆ. ದರ ಬೇಗ ಹುಟ್ಟತೊಡಗಿದ ಮೇಲೆ ಪೇಟೆಯ ನಿಜವಾದ ಅಡಚಣೆ ತೂಕ ಮತ್ತು ಸಾಗಣೆಗೆ ಬಂದು ನಿಂತಿದೆ.

2024ರ ಮಾರ್ಚ್ 11, ಸೋಮವಾರ, ಟೆಂಡರಿನ ದರ ಹೊರಬಿದ್ದಾಗ ಹಿಂದಿನ ಮಾರುಕಟ್ಟೆಗಳಿಗಿಂತ ತೀರಾ ಕೆಳಗಿತ್ತು. ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ಕಟ್ಟಡಕ್ಕೂ ನಿಂತಿದ್ದ ವಾಹನಗಳಿಗೂ ಬೆಂಕಿ ಬಿತ್ತು. ಆ ವರ್ಷ ಆವಕ ವಿಪರೀತವಾಗಿತ್ತು. ಟೆಂಡರಿನ ಯಾವ ವಿಧಾನವೂ, ಚೀಟಿಯಾಗಲಿ ಪರದೆಯಾಗಲಿ, ಇರುವ ಬೇಡಿಕೆಯನ್ನು ತೋರಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಆದರೂ ಸವಾಲಿನ ಕಾಲದಲ್ಲಿ ದರ ಇಳಿಯುವುದು ರೈತನ ಕಣ್ಣೆದುರು, ಒಂದೊಂದು ರಾಶಿಯಲ್ಲಿ, ಕೂಗುವವರ ದನಿ ತಗ್ಗುತ್ತ ಹೋಗುವಂತೆ ತಿಳಿಯುತ್ತಿತ್ತು. ಪರದೆ ಅದನ್ನು ಎಲ್ಲರಿಗೂ ಒಂದೇ ಕ್ಷಣದಲ್ಲಿ ಹೇಳುತ್ತದೆ, ಮತ್ತು ದರ ಬರೆದವರಾರೂ ಆಗ ಎದುರಿಗಿರುವುದಿಲ್ಲ. ಸಿಟ್ಟು ಕಚೇರಿಯ ಕಡೆ ತಿರುಗಿದ್ದರಲ್ಲಿ ಇದಕ್ಕೂ ಪಾಲಿದೆ.

ದರ ಒಪ್ಪದ ರೈತನಿಗೆ ಇರುವ ದಾರಿ ಎರಡು. ಮಾಲನ್ನು ಅಂಗಡಿಯಲ್ಲೇ ಬಿಟ್ಟು ಮುಂದಿನ ಟೆಂಡರಿಗೆ ಮತ್ತೆ ಹೊಸ ನಂಬರು ಹಾಕಿಸುವುದು ಒಂದು. ಪೇಟೆಯ ಸುತ್ತ ಎದ್ದಿರುವ ಶೀತಲಗೃಹಗಳಲ್ಲಿ ಬಾಡಿಗೆಗೆ ಇಡುವುದು ಇನ್ನೊಂದು. ಅಲ್ಲಿ ಬಣ್ಣ ಕೆಡದೆ ತಿಂಗಳುಗಟ್ಟಲೆ ಉಳಿಯುತ್ತದೆ, ಇಟ್ಟ ಮಾಲಿನ ಮೇಲೆ ಸಾಲವೂ ಸಿಗುತ್ತದೆ. ಸುಗ್ಗಿ ಮುಗಿದ ಮೇಲೂ ಬ್ಯಾಡಗಿಯಲ್ಲಿ ವ್ಯಾಪಾರ ನಿಲ್ಲದಿರುವುದು ಈ ದಾಸ್ತಾನಿನಿಂದ. ಬಾಡಿಗೆ, ಬಡ್ಡಿ ಎರಡನ್ನೂ ಕಳೆದು ಲೆಕ್ಕ ಹಾಕಬಲ್ಲ ದೊಡ್ಡ ರೈತರಿಗೂ ವರ್ತಕರಿಗೂ ಆ ದಾರಿ ಒಗ್ಗಿದೆ. ಗೊಬ್ಬರ, ಔಷಧಿಯ ಬಾಕಿಗೆ ದಲಾಲನಿಂದ ಮುಂಗಡ ಪಡೆದವರು ಅದೇ ದಿನದ ದರಕ್ಕೆ ತೂಕ ಮಾಡಿಸುತ್ತಾರೆ.